ಒತ್ತುಗಿಚ್ಚಿ

"'ಆಟದಲ್ಲಿ ಒಬ್ಬಳು ಮುದುಕಿ. ಒಂದು ಕೋಣೆಗೆ ಹೋಗುತ್ತಾಳೆ, ಯಾಕೆ ಬಂದೆ ಅನ್ನುವುದು ಮರೆತು ಇನ್ನೊಂದಕ್ಕೆ ಹೋಗುತ್ತಾಳೆ. ಮೂರನೇ ಕೋಣೆಯ ಹೊತ್ತಿಗೆ ಈ ಆಟ ಯಾಕೆ ಶುರು ಮಾಡಿದೆ ಅನ್ನುವುದು ನನಗೇ ಮರೆತುಹೋಗಿತ್ತು!'" ಮೊಬೈಲನ್ನು ಮೂಗಿಗೆ ತಾಗಿಸಿಕೊಂಡು ಓದುತ್ತಿದ್ದ ಗಾರೆಯಣ್ಣನ ಹೊಟ್ಟೆ ನಗುವಿಗೆ ಕುಣಿಯುತ್ತಿತ್ತು. "ತಡಿ ತಂಗಿ, ಇನ್ನೂ ಇದೆ."

ಅವಳು ಮೇಣದ ಚಾಕುವನ್ನು ದೀಪದ ಉರಿಗೆ ಹಿಡಿದಿದ್ದಳು. ಹಿಡಿದೇ ಇದ್ದಳು.

ಹಲ್ಲಿನ ಸೆಟ್ಟು ಮಾಡುವ ಆ ಪುಟ್ಟ ಲ್ಯಾಬಿನಲ್ಲಿ ಸೋಮವಾರದ ಚಹಾ ಎಂದರೆ ಹುಳುಕಪ್ಪ. ಹವ್ಯಾಸಕ್ಕೆಂದು ಯಾರು ಯಾರೋ ಮಾಡಿ ಪುಕ್ಕಟೆ ಹಂಚುವ ವಿಡಿಯೋ ಗೇಮುಗಳನ್ನು ಆಡಿ, ವಾರಕ್ಕೊಂದರ ಚರ್ಮ ಸುಲಿದು ಬರೆಯುವ ಆಸಾಮಿ. ಅಸಲಿ ಹೆಸರು ಯಾರಿಗೂ ಗೊತ್ತಿಲ್ಲ. ಅಂಕ ಕೊಡುವುದು ಹತ್ತಕ್ಕಲ್ಲ, ನೂರಕ್ಕಲ್ಲ, ಮೂವತ್ತೆರಡಕ್ಕೆ. ಇಷ್ಟು ಹಲ್ಲು ಎಂದು. "ನಮ್ಮ ಕಸುಬಿನವರಿಗೇ ಬರೆದ ಹಾಗಿದೆ" ಎಂದು ಗಾರೆಯಣ್ಣ ಹಿಗ್ಗುತ್ತಿದ್ದ. ಅಚ್ಚಿಗೆ ಪ್ಲಾಸ್ಟರ್ ಸುರಿಯುವುದು ಅವನ ಕೆಲಸವಾದ್ದರಿಂದ ಅವನಿಗೆ ಆ ಹೆಸರು. ಮೇಣದಲ್ಲಿ ಹಲ್ಲು ಕೂರಿಸುವುದು ಅವಳ ಕೆಲಸ. ಎಷ್ಟೋ ಸೋಮವಾರ ಅವಳೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು.

ಇವತ್ತು ನಗು ಬರಲಿಲ್ಲ. 'ಬಂದದ್ದು ಯಾಕೆ?' ಎಂಬ ಆ ಆಟ ಮಾಡಿದವಳು ಅವಳೇ. ಮರೆವು ಹತ್ತಿ ಸತ್ತ ಅಮ್ಮನ ನೆನಪಿಗೆ, ಊಟದ ಬಿಡುವಿನಲ್ಲಿ ಲ್ಯಾಬಿನ ಹಿಂದಿನ ಕೋಣೆಯ ಕಂಪ್ಯೂಟರಿನಲ್ಲಿ ಒಂದೂವರೆ ವರ್ಷ ಕೂತು ಮಾಡಿ, ತನ್ನ ಹೆಸರು ಹಾಕದೆ ಹಂಚಿದ್ದಳು. ಗಾರೆಯಣ್ಣನಿಗೆ ಹೇಳಿರಲಿಲ್ಲ. ಗಂಡನಿಗಂತೂ ಹೇಳಿರಲೇ ಇಲ್ಲ. ಡ್ರೈವಿಂಗ್ ಲೈಸೆನ್ಸಿನ ಪರೀಕ್ಷೆ ಮಾಡುವ ಅಧಿಕಾರಿ ಅವನು. ದಿನವಿಡೀ ಪಕ್ಕದ ಸೀಟಿನಲ್ಲಿ ಕೂತು ಜನರನ್ನು ಪಾಸು ಫೇಲು ಮಾಡಿ ಬರುವವನ ಮುಂದೆ ಇದನ್ನೂ ಇಡುವುದು ಬೇಡ, ನಾಲ್ಕು ಜನ ಮೆಚ್ಚಿದ ಮೇಲೆ ತೋರಿಸಿದರಾಯಿತು ಎಂದುಕೊಂಡಿದ್ದಳು.

"'ಈ ಮುದುಕಿಗೆ ಬೇಗ ಮುಕ್ತಿ ಕೊಡುವ ಗುಂಡಿ ಯಾವುದು ಎಂದು ಹುಡುಕಿ ಹುಡುಕಿ ನನ್ನ ಒತ್ತುಗಿಚ್ಚಿ ಸವೆದುಹೋಯಿತು. ಮೂವತ್ತೆರಡಕ್ಕೆ ಒಂದು ಹಲ್ಲು. ಅದೂ ಹುಳುಕು.'" ಗಾರೆಯಣ್ಣ ಕಣ್ಣೊರೆಸಿಕೊಂಡ. "ಒತ್ತುಗಿಚ್ಚಿ ಅಂತೆ! ಎಲ್ಲಿಂದ ಹುಡುಕಿ ತರ್ತಾನೋ ಇಂಥ ಪದಾನ!"

ಚಾಕುವಿನಿಂದ ಕಾದ ಮೇಣ ಅವಳ ಹೆಬ್ಬೆರಳ ಮೇಲೆ ತೊಟ್ಟಿಕ್ಕಿತು.

ಆ ಪದ ಎಲ್ಲಿಂದ ಬಂತು ಎಂದು ಅವಳಿಗೆ ಗೊತ್ತಿತ್ತು. ರಿಮೋಟ್ ಎಂಬ ಹೆಸರು ಅಮ್ಮನ ನಾಲಿಗೆಯಿಂದ ಜಾರಿಹೋದ ದಿನ, ಅಮ್ಮ ಟೀವಿಯ ಕಡೆ ಕೈ ಆಡಿಸಿ, ತಡವರಿಸಿ, ಕೊನೆಗೆ "ಅದೇ ಕಣೇ, ಒತ್ತುಗಿಚ್ಚಿ!" ಎಂದಿದ್ದಳು. ಮಗುವಿನ ಗಿಲಿಗಿಚ್ಚಿಯ ಹಾಗೆ ಒತ್ತುಗಿಚ್ಚಿ. ಮೂವರೂ ಬಿದ್ದು ಬಿದ್ದು ನಕ್ಕಿದ್ದರು. ಅಂದಿನಿಂದ ಮನೆಯಲ್ಲಿ ಗುಂಡಿ ಇರುವುದೆಲ್ಲ ಒತ್ತುಗಿಚ್ಚಿಯೇ. ಅವಳು ಆ ಪದವನ್ನು ಆಟದಲ್ಲಿ ಹಾಕಿರಲಿಲ್ಲ. ಅದು ಓಡಾಡಿದ್ದು ಈ ಲೋಕದಲ್ಲಿ ಮೂರೇ ಬಾಯಲ್ಲಿ. ಒಂದು ಬಾಯಿ ಈಗಿಲ್ಲ. ಇನ್ನೊಂದು ಅವಳದು.

ಪಾಪ, ಹೆಸರು ಮುಚ್ಚಿಟ್ಟವನು ಪದ ಮುಚ್ಚಿಡುವುದನ್ನು ಮರೆತಿದ್ದ. ವರ್ಷಗಟ್ಟಲೆ ಬಳಸಿ ಬಳಸಿ, ಎಲ್ಲರೂ ಹಾಗೆಯೇ ಅನ್ನುತ್ತಾರೆ ಎಂದುಕೊಂಡಿರಬೇಕು.

ಅಂದು ಸಂಜೆ ಗಂಡ ಸೋಫಾದ ಸಂದಿಗೆ ಕೈ ಹಾಕಿ, "ಒತ್ತುಗಿಚ್ಚಿ ನೋಡಿದ್ಯೇನೇ?" ಎಂದು ಕೇಳಿದ. "ನಿಮ್ಮ ಹತ್ರಾನೇ ಇರಬೇಕು ನೋಡಿ" ಎಂದಳು. ಅವಳ ಹೆಬ್ಬೆರಳಿನ ಬೊಬ್ಬೆ ಕಂಡು ಅವನೇ ಎದ್ದು ಹೋಗಿ ಮುಲಾಮು ತಂದು ಹಚ್ಚಿದ. ಒಳ್ಳೆಯವನೇ. ಅಮ್ಮ ಸತ್ತಾಗ ಹೆತ್ತ ಮಗನ ಹಾಗೆ ಅತ್ತವನು. ಎರಡು ವರ್ಷ ಒಂದೇ ಸೂರಿನಡಿ ಇದ್ದ ಅತ್ತೆಯನ್ನು ಪರದೆಯ ಮೇಲೆ ಕಂಡು ಗುರುತು ಹಿಡಿಯಲಿಲ್ಲವಲ್ಲ ಎಂದು ಅವಳಿಗೆ ಸಂಕಟವಾಯಿತು. ಅಷ್ಟಕ್ಕೇ ನಿಂತಿದ್ದರೆ ಒಂದು ಜಗಳದಲ್ಲಿ ಎಲ್ಲ ಮುಗಿಯುತ್ತಿತ್ತು.

ಆದರೆ ಅವಳು ಮಾರನೆಯ ದಿನ ಲ್ಯಾಬಿನಲ್ಲಿ ಕೂತು ಹುಳುಕಪ್ಪನ ಹಳೆಯ ವಿಮರ್ಶೆಗಳನ್ನೆಲ್ಲ ಒಂದೊಂದಾಗಿ ತೆಗೆದಳು. ಮೂವತ್ತೆರಡಕ್ಕೆ ಮೂವತ್ತೆರಡು ಹಲ್ಲು ಅವನು ಈವರೆಗೆ ಕೊಟ್ಟದ್ದು ಒಂದೇ ಒಂದು ಆಟಕ್ಕೆ. ಅದರಲ್ಲಿ ಹೀಗೆ ಬರೆದಿದ್ದ: 'ಎಂಥ ಆಟ ಅಂತೀರಿ! ಇವತ್ತು ಮಧ್ಯಾಹ್ನ ಆಡುತ್ತಿದ್ದಾಗ ಮನೆಯೊಳಗೆ ಏನೋ ದೊಪ್ಪೆಂದು ಬಿತ್ತು. ಹೆಡ್‌ಫೋನಿನ ಆಚೆ ಯಾರೋ ಕೂಗಿದ ಹಾಗೂ ಆಯಿತು. ನಾನು ಏಳಲಿಲ್ಲ. ನೀವಾದರೂ ಏಳುತ್ತಿರಲಿಲ್ಲ.'

ಕೆಳಗಿನ ತಾರೀಖು ನೋಡಿದಳು. ಮತ್ತೊಮ್ಮೆ ನೋಡಿದಳು. ಅಮ್ಮ ಸ್ಟೂಲಿನಿಂದ ಬಿದ್ದು ಸೊಂಟ ಮುರಿದುಕೊಂಡ ದಿನ.

ಬೀರುವಿನ ಮೇಲಿದ್ದ ರಿಮೋಟ್ ತೆಗೆಯಲು ಅಮ್ಮ ಸ್ಟೂಲು ಹತ್ತಿದ್ದಳು. ಅಷ್ಟು ಎತ್ತರದಲ್ಲಿ ಅದನ್ನು ಇಟ್ಟವರು ಯಾರು ಎಂದು ಆಗ ಯಾರೂ ಕೇಳಿರಲಿಲ್ಲ. ಅವಳು ಲ್ಯಾಬಿನಿಂದ ಓಡೋಡಿ ಬಂದಾಗ, ಅವತ್ತು ರಜೆ ಹಾಕಿ ಮನೆಯಲ್ಲಿದ್ದ ಗಂಡ ಟವೆಲು ಹೊದ್ದು, ತಲೆಯಿಂದ ನೀರು ತೊಟ್ಟಿಕ್ಕಿಸಿಕೊಂಡು ನಿಂತಿದ್ದ. "ಸ್ನಾನಕ್ಕೆ ಹೋಗಿದ್ದೆ ಕಣೇ, ಸದ್ದೇ ಕೇಳಿಸಲಿಲ್ಲ" ಎಂದಿದ್ದ. ಹಾಸಿಗೆ ಹಿಡಿದ ಮೂರು ತಿಂಗಳೂ ಅಮ್ಮ ಒಂದೇ ಮಾತು ಹೇಳಿದಳು: "ಕೂಗಿದೆ ಮಗಾ. ಅಳಿಯಂದ್ರು ಅಲ್ಲೇ ಕೂತಿದ್ರು. ಎಷ್ಟು ಕೂಗಿದೆ." ಪ್ರತಿ ಸಲವೂ ಮಗಳು ಹೊದಿಕೆ ಸರಿಮಾಡಿ, "ಇಲ್ಲಮ್ಮ, ಅವರು ಸ್ನಾನದ ಮನೇಲಿದ್ರು. ನಿನಗೆ ಮರೆವು" ಎಂದಿದ್ದಳು. ಸಾಯುವ ಹಿಂದಿನ ವಾರ ಅಮ್ಮ ಆ ಮಾತನ್ನೂ ಬಿಟ್ಟು, "ಇರಬಹುದು ಬಿಡು, ನನಗೆ ಮರೆವು" ಎಂದಿದ್ದಳು.

ಗಂಡನ ಮೇಲಿನ ಸಿಟ್ಟೇ ಬೇರೆ, ಆ 'ಇರಬಹುದು ಬಿಡು' ಮಾಡಿದ ಗಾಯವೇ ಬೇರೆ. ಅಮ್ಮನ ತಲೆಯಲ್ಲಿ ಸರಿಯಾಗಿ ಉಳಿದಿದ್ದ ಒಂದೇ ಒಂದು ನೆನಪನ್ನು ಮಗಳೇ ಕೈಯಾರೆ ಒರೆಸಿ ಹಾಕಿದ್ದಳು. ಅವಳ ಮೈಯೆಲ್ಲ ಉರಿಯಿತು. ಜಗಳವಾಡಿದರೆ ಅವನು ಅಳುತ್ತಾನೆ, ಕಾಲು ಹಿಡಿಯುತ್ತಾನೆ, ತಮಾಷೆಗೆ ಬರೆದದ್ದು ಎನ್ನುತ್ತಾನೆ. ಅಷ್ಟು ಸಲೀಸಾಗಿ ಅವನನ್ನು ಬಿಟ್ಟುಬಿಡಲು ಅವಳಿಗೆ ಮನಸ್ಸಿರಲಿಲ್ಲ.

ಅವಳು ಮತ್ತೆ ಹಿಂದಿನ ಕೋಣೆ ಸೇರಿದಳು. ಎರಡು ತಿಂಗಳು ಹಲ್ಲು ಕಚ್ಚಿಕೊಂಡು ಮನೆಯಲ್ಲಿ ಎಂದಿನಂತೆ ಇದ್ದಳು. ಊಟ ಬಡಿಸಿದಳು, ಅವನ ಜೋಕುಗಳಿಗೆ ನಕ್ಕಳು, ಅವನ ಅಂಗಿಯ ಗುಂಡಿ ಹೊಲಿದಳು. ಲ್ಯಾಬಿನಲ್ಲಿ ಮಾತ್ರ ತನ್ನ ಮನೆಯ ಸೋಫಾ, ಕಿಟಕಿ, ಬೀರು, ಸ್ಟೂಲನ್ನು ಅಳತೆ ತಪ್ಪದೆ ಪರದೆಯ ಮೇಲೆ ಕಟ್ಟಿದಳು. ಬಾಯಿಯ ಅಳತೆಗೆ ಹಲ್ಲು ಕೂರಿಸುವವಳಿಗೆ ಇದೇನು ದೊಡ್ಡ ಕೆಲಸವಲ್ಲ.

ಬೀಳುವ ಸದ್ದೊಂದು ಬೇಕಾಗಿತ್ತು. ತಾನೊಂದು ಆಟ ಮಾಡುತ್ತಿದ್ದೇನೆ ಎಂದಷ್ಟೇ ಅವಳು ಹೇಳಿದ ಮೇಲೆ ಗಾರೆಯಣ್ಣ ಅರ್ಧ ಖಾಲಿಯಾದ ಪ್ಲಾಸ್ಟರ್ ಚೀಲವನ್ನು ಸೊಂಟದೆತ್ತರದಿಂದ ನೆಲಕ್ಕೆ ಬಿಟ್ಟ. ಅವಳು ರೆಕಾರ್ಡ್ ಮಾಡಿಕೊಂಡಳು.

"ಸಾಕಾ? ಇಲ್ಲ ಇನ್ನೊಂದ್ಸಲ ಬೀಳಿಸ್ಲಾ?" ಎಂದ ಅವನು, ಬಟ್ಟೆಯ ಮೇಲಿನ ಬಿಳಿ ಪುಡಿ ಕೊಡವುತ್ತಾ. "ಅಲ್ಲ ತಂಗಿ, ಯಾರನ್ನ ಬೀಳಿಸೋಕೆ ಇಷ್ಟೊಂದು ತಯಾರಿ?"

"ಇದ್ದಾರೆ ಅಣ್ಣ, ಒಬ್ಬರು."

ಅವನು ಅವಳ ಮುಖ ನೋಡಿದ. ನಗಲು ಹೊರಟವನು ನಗಲಿಲ್ಲ. ಆಟ ಸಿದ್ಧವಾದ ಮೇಲೆ, 'ಬಿದ್ದದ್ದು ಏನು?' ಎಂಬ ಹೆಸರಿಟ್ಟು, ಹುಳುಕಪ್ಪನ ವಿಳಾಸಕ್ಕೆ ಕಳಿಸಿದವನು ಅವನೇ. ಜೊತೆಗೊಂದು ಸಾಲು ಬರೆದ: 'ನಿಮ್ಮ ಅಭಿಮಾನಿಗಳು. ಇದಕ್ಕೆ ಹಲ್ಲು ಎಷ್ಟು, ನೋಡಿ ಹೇಳಿ.'

ಭಾನುವಾರ ಬೆಳಗ್ಗೆ ತಿಂಡಿ ಮುಗಿಸಿ ಗಂಡ ಎಂದಿನಂತೆ ಆಟವಾಡಲು ಹಜಾರದ ಬಾಗಿಲು ಎಳೆದುಕೊಂಡ. ಹೆಡ್‌ಫೋನಿನ ತಂತಿ ಎರಡು ದಿನದ ಹಿಂದೆ ಹೇಗೋ ತುಂಡಾಗಿತ್ತು. ಅದು ಹೇಗೆ ತುಂಡಾಯಿತು ಎಂದು ಕತ್ತರಿಗೆ ಗೊತ್ತು, ಅವಳಿಗೆ ಗೊತ್ತು. ಅವಳು ಅಡುಗೆಮನೆಯಲ್ಲಿ ಮಣೆಯ ಮೇಲೆ ಕೂತು ಬಟಾಣಿ ಸುಲಿಯತೊಡಗಿದಳು.

ಮೊದಲು ಗುಂಡಿಗಳ ಟಕಟಕ ಕೇಳಿಸಿತು. ಅವನು ಒಬ್ಬನೇ ನಕ್ಕದ್ದೂ ಕೇಳಿಸಿತು. ಬರೆಯಲು ಏನೋ ಒಳ್ಳೆಯ ಸಾಲು ಹೊಳೆದಿರಬೇಕು. ಆಮೇಲೆ ನಗು ನಿಂತಿತು. ಸೋಫಾದ ಕೋಣೆಗೆ ಬಂದ ಎಂದು ಅವಳು ಲೆಕ್ಕ ಹಾಕಿದಳು.

ದೊಪ್.

ಆ ಕೋಣೆಯಲ್ಲಿ ಒಬ್ಬ ಗಂಡಸು ಬೆನ್ನು ಮಾಡಿ ಕೂತಿದ್ದಾನೆ. ಹಿಂದೆ ಏನೋ ಬೀಳುತ್ತದೆ. ಅವನನ್ನು ಎಬ್ಬಿಸಬೇಕು, ಅಷ್ಟೇ ಆಟ. ಆದರೆ ಯಾವ ಗುಂಡಿ ಒತ್ತಿದರೂ ಅವನು ಏಳುವುದಿಲ್ಲ. ಒತ್ತಿದಷ್ಟೂ ಸಲ ಹಿಂದಿನಿಂದ ಅದೇ ಸದ್ದು.

ದೊಪ್. ಟಕಟಕ. ದೊಪ್. ಅವನು ಎಲ್ಲ ಗುಂಡಿಗಳನ್ನೂ ಒಂದೊಂದಾಗಿ, ಆಮೇಲೆ ಎಲ್ಲವನ್ನೂ ಒಟ್ಟಿಗೆ ಒತ್ತುತ್ತಿದ್ದ. ಅವಳು ಎಣಿಸುತ್ತಾ ಹೋದಳು. ಒಂದೊಂದು ಸದ್ದಿಗೂ ಒಳಗೆ ಏನೋ ತಣ್ಣಗಾಗುತ್ತಿತ್ತು, ಸುಳ್ಳೇಕೆ ಹೇಳಬೇಕು. ಹನ್ನೊಂದು. ಹನ್ನೆರಡು. ಹದಿಮೂರನೆಯದಕ್ಕೆ ಪರದೆಯ ಮೇಲೆ ಒಂದು ಸಾಲು ಬರಬೇಕು. ಅದನ್ನು ಬರೆದ ದಿನ ಅವಳು ಲ್ಯಾಬಿನ ಬಾಗಿಲು ಹಾಕಿಕೊಂಡು ಅತ್ತಿದ್ದಳು.

'ಒತ್ತುಗಿಚ್ಚಿ ಕೆಳಗಿಡಿ ಅಳಿಯಂದ್ರೇ.'

ದೊಪ್.

ಟಕಟಕ ನಿಂತಿತು. ಒಂದು ಬಟಾಣಿ ಬೆರಳಿನಿಂದ ಜಾರಿ ಒಲೆಯ ಕಟ್ಟೆಯ ಕೆಳಗೆ ಉರುಳಿಹೋಯಿತು. ಬಹಳ ಹೊತ್ತಾದ ಮೇಲೆ ಗಾಜಿನ ಟೀಪಾಯಿಯ ಮೇಲೆ ಪ್ಲಾಸ್ಟಿಕ್ಕು ಇಟ್ಟ ಸದ್ದಾಯಿತು, ಮೆಲ್ಲಗೆ. ಆಟ ಕಾಯುತ್ತಿದ್ದದ್ದು ಅದಕ್ಕೇ. ಕೆಳಗಿಟ್ಟು ಒಂದು ನಿಮಿಷ ಮುಟ್ಟದೆ ಬಿಟ್ಟರೆ ಆ ಗಂಡಸು ಎದ್ದು ಹಿಂದಿರುಗಿ ನೋಡುತ್ತಾನೆ. ಸ್ಟೂಲು ಮಗುಚಿಬಿದ್ದಿರುತ್ತದೆ. ಅದರ ಪಕ್ಕದಲ್ಲಿ ಯಾರೂ ಇರುವುದಿಲ್ಲ.

ಹಜಾರದ ಬಾಗಿಲು ತೆರೆಯಿತು. ಅಡುಗೆಮನೆಯ ಹೊಸ್ತಿಲವರೆಗೆ ಬಂದ ಹೆಜ್ಜೆ ಅಲ್ಲೇ ನಿಂತಿತು. ಅವಳು ತಲೆ ಎತ್ತಲಿಲ್ಲ. ಅವನ ಬರಿಗಾಲು ಕಂಡಿತು, ಹೆಬ್ಬೆರಳು ನೆಲ ಗೀರುತ್ತಿತ್ತು.

"ನಾನು ಅವತ್ತು..." ಎಂದ.

ಅವಳು ಇನ್ನೊಂದು ಕಾಯಿ ಬಿಡಿಸಿದಳು. ಒಳಗೆ ಕಾಳುಗಳು ಸಾಲಾಗಿ, ಒಂದಕ್ಕೊಂದು ಒತ್ತಿಕೊಂಡು ಕೂತಿದ್ದವು.

"ಎಷ್ಟು ಹಲ್ಲು ಕೊಡ್ತೀರಿ, ಹುಳುಕಪ್ಪನವರೇ?"

ಅವಳು ಹೆಬ್ಬೆರಳಿನಿಂದ ಕಾಳುಗಳನ್ನು ಒಂದೊಂದಾಗಿ ಪಾತ್ರೆಗೆ ಬೀಳಿಸಿದಳು, ಅವನಿಗೆ ಸದ್ದು ಕೇಳಿಸುವಷ್ಟು ನಿಧಾನವಾಗಿ.