ವಂದನಾರ್ಪಣೆಗೆ ನಿಂತ ಉಲ್ಲಾಸ್

ಯಾರಿಗಾದರೂ ವಂದಿಸದೆ ಉಲ್ಲಾಸ್ ಒಂದು ಜಾಗದಿಂದ ಹೊರಬಿದ್ದದ್ದನ್ನು ನಾನು ಕಂಡಿಲ್ಲ. ಬಸ್ಸಿಳಿಯುವಾಗ ಚಾಲಕನಿಗೆ ಥ್ಯಾಂಕ್ಸ್ ಹೇಳುವುದು ಐರ್ಲೆಂಡಿನಲ್ಲಿ ಎಲ್ಲರ ರೂಢಿಯೇ; ಆದರೆ ಈ ಮಹಾರಾಯ ಹೇಳಿ, ಬಾಗಿಲಲ್ಲೇ ತಿರುಗಿ ನಿಂತು, ಹಿಂದಿನವರ ಗೊಣಗಾಟವನ್ನು ಕಿವಿಗೆ ಹಾಕಿಕೊಳ್ಳದೆ, ಚಾಲಕ ತಲೆಯಾಡಿಸುವವರೆಗೂ ಕಾದು, ಆಮೇಲಷ್ಟೇ ನೆಲಕ್ಕೆ ಕಾಲಿಡುವವನು. "ಹೇಳ್ಬಿಟ್ಟು ಓಡೋದ್ರೆ ಅದು ಥ್ಯಾಂಕ್ಸ್ ಅಲ್ಲ ಕಣಣ್ಣ. ಅವ್ರು ತಗೊಂಡ್ರಾ ಇಲ್ವಾ ನೋಡ್ಬೇಕು" ಎಂಬುದು ಅವನ ವಾದ.

ಕೊಳ್ಳೇಗಾಲದ ಕಡೆಯ ಹುಡುಗ. ಐರ್ಲೆಂಡಿನ ವಾಯವ್ಯ ತೀರದ ಸ್ಲೈಗೋ ಊರಿನಲ್ಲಿ ಓದು ಮುಗಿಸಿ, ಅಲ್ಲಿಯೇ ಔಷಧ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ್ದ. ಏನು ಮಾಡ್ತೀಯಪ್ಪ ಎಂದು ಕೇಳಿದವರಿಗೆ ಮಾತ್ರ "ರ‍್ಯಾಪರ್" ಎಂದೇ ಉತ್ತರ. ನಡಿಗೆ ಕಂಡರೇ ಅದು ತಿಳಿಯುತ್ತಿತ್ತು: ಎಡಗೈಯ ಬೆರಳುಗಳು ಸದಾ ತೊಡೆಯ ಮೇಲೆ ತಾಳ ಹಾಕುತ್ತಿದ್ದವು, ತಾಳ ಸರಿಯಾದ ಜಾಗಕ್ಕೆ ಬರುವವರೆಗೆ ಅವನ ಮಾತು ಅರ್ಧ ವಾಕ್ಯದಲ್ಲೇ ನಿಂತು ಕಾಯುತ್ತಿತ್ತು. ಮೈಮೇಲೆ, ಜನ ದಾನ ಕೊಟ್ಟ ಹಳೆ ಬಟ್ಟೆ ಮಾರುವ ಚಾರಿಟಿ ಅಂಗಡಿಯಲ್ಲಿ ಕೊಂಡ ದೊಗಳೆ ಟ್ವೀಡ್ ಕೋಟು. ಯಾವನೋ ಸ್ಥೂಲಕಾಯದ ಐರಿಷ್ ರೈತನದ್ದಿರಬೇಕು. ಇಲ್ಲಿ ಬಾಡಿಗೆ ಮನೆ ಸಿಗದೆ ಒದ್ದಾಡುವ ಹುಡುಗರಲ್ಲಿ ಒಬ್ಬನಿಗೆ ಅದರೊಳಗೇ ಧಾರಾಳವಾಗಿ ಜಾಗ ಕೊಡಬಹುದಿತ್ತು. ಜೇಬಿನಲ್ಲಿ ಹಳೆಯದೊಂದು ಪೆಪ್ಪರ್‌ಮಿಂಟ್ ಸಿಕ್ಕಿತ್ತಂತೆ, ಆ ಅಪರಿಚಿತನಿಗೂ ಅವನ ಹಾಡೊಂದರಲ್ಲಿ ವಂದನೆಯ ಸಾಲು ಸಂದಿತ್ತು.

ಹೀಗೆ ಲೋಕಕ್ಕೆಲ್ಲ ಕೃತಜ್ಞನಾದವನಿಗೆ ಸಂಗೀತಲೋಕ ಮಾತ್ರ ಬಾಗಿಲು ತೆರೆದಿರಲಿಲ್ಲ. ಡಬ್ಲಿನ್ನಿನ ಪಬ್ಬುಗಳವರು ಚೆನ್ನಾಗಿದೆ, ಇಂಗ್ಲಿಷಿನಲ್ಲಿ ಹಾಡಿದರೆ ಇನ್ನೂ ಚೆನ್ನ ಎಂದರು. ಬೆಂಗಳೂರಿನ ಸ್ಟುಡಿಯೋದವರು, ಐರ್ಲೆಂಡಿನಲ್ಲಿ ಕೂತು ಹೀಗೆ ಕೊಳ್ಳೇಗಾಲದ ಕನ್ನಡ ಹಾಡಿದರೆ ಯಾರು ಕೇಳುತ್ತಾರೆ ಎಂದರು. ನಮ್ಮ ಕನ್ನಡ ಬಳಗದವರ ಆತಂಕ ಇನ್ನೊಂದು ಬಗೆಯದು: "ಮಕ್ಳಿರ್ತಾರಪ್ಪ, ಬೈಗುಳ ಗಿಯ್ಗುಳ ಇಲ್ಲ ತಾನೆ?" ಎಲ್ಲರಿಗೂ ಅವನದು ಒಂದೇ ಉತ್ತರ, ಏನಾದರೂ 'ಸರಿ, ಪರವಾಗಿಲ್ಲ' ಎನ್ನಲು ಐರಿಷರು ಆಡುವ ಮಾತು: "ಗ್ರ್ಯಾಂಡ್ ಸಾರ್, ಗ್ರ್ಯಾಂಡ್." ಆದರೆ ಆಗೆಲ್ಲ ಅವನ ಬೆರಳುಗಳು ತಾಳ ಮರೆತು ಸುಮ್ಮನಾಗುತ್ತಿದ್ದುದನ್ನು ನಾನು ನೋಡಿದ್ದೇನೆ.

ಅಂಥ ಹೊತ್ತಿನಲ್ಲಿ ಸ್ಲೈಗೋದ ಸಂಗೀತೋತ್ಸವವೊಂದು ಹೊಸಬರನ್ನು ಕರೆಯಿತು. ಜನರ ಮುಂದೆ ಹಾಡಿದ ವಿಡಿಯೋ ಕಳಿಸಬೇಕು, ಖಾಲಿ ಕೋಣೆಯದು ನಡೆಯದು. ಕಳಿಸಲು ಕೊನೆಯ ದಿನ ನಮ್ಮ ರಾಜ್ಯೋತ್ಸವದ ಮಾರನೆಯ ದಿನವೇ. ಬಳಗದ ಅಧ್ಯಕ್ಷರಾದ ಗುರುದತ್ ಒಂದು ಹಾಡಿಗೆ ಅವಕಾಶ ಕೊಡುವುದಾಗಿ ಒಪ್ಪಿದ್ದರು. ಅದನ್ನು ನಂಬಿ ಉಲ್ಲಾಸ್ ಅದೇ ಕೋಟಿನಲ್ಲಿ, ನಮ್ಮ ಸಮಾರಂಭ ನಡೆಯುವ ಡಬ್ಲಿನ್ ಪಕ್ಕದ ಡನ್ ಲಿಯರಿಗೆ ಬಂದಿಳಿದ.

ಆದರೆ ಮಕ್ಕಳ ನೃತ್ಯ ಒಂದಕ್ಕಿಂತ ಒಂದು ಉದ್ದ ಬೆಳೆಯಿತು, ಅತಿಥಿಗಳ ಭಾಷಣ ಅದಕ್ಕಿಂತ ಬೆಳೆಯಿತು, ಗುರುದತ್ ಗಡಿಯಾರ ನೋಡಿ "ಮುಂದಿನ ಸಲ ನೋಡೋಣಪ್ಪ" ಎಂದುಬಿಟ್ಟರು. ಹುಡುಗನ ಮುಖ ಸಣ್ಣದಾಯಿತು. ಉಳಿದಿದ್ದದ್ದು ನನ್ನ ವಂದನಾರ್ಪಣೆಯೊಂದೇ. ಪ್ರತಿವರ್ಷ ನನಗೇ ಗಂಟುಬೀಳುವ, ಯಾರೂ ಕೇಳದ ಐಟಂ. "ಬಾರಯ್ಯ, ನಂದನ್ನ ನೀನು ಮಾಡು" ಎಂದು ಮೈಕು ಅವನ ಕೈಗಿಟ್ಟೆ. ಅಷ್ಟರಲ್ಲಿ ಗುರುದತ್, ಬಾಯಿತಪ್ಪಿ, ನಮ್ಮ ಸಭೆಗಳಲ್ಲಿ ವಂದನಾರ್ಪಣೆಗೆ ಮೊದಲು ಎಂದಿಗೂ ಆಡಬಾರದ ಮಾತನ್ನು ಆಡಿಯೇಬಿಟ್ಟರು: "ಊಟ ರೆಡಿ ಇದೆ!"

ಕುರ್ಚಿಗಳು ಕಿರುಗುಟ್ಟಿದವು, ಸಭೆಗೆ ಸಭೆಯೇ ತಟ್ಟೆಗಳತ್ತ ನಡೆಯಿತು. ಉಲ್ಲಾಸ್ ಬರಿದಾದ ಸಾಲುಗಳನ್ನೊಮ್ಮೆ ನೋಡಿದ. ಆಮೇಲೆ ವೇದಿಕೆಯಿಂದ ಧುಮುಕಿ, ಮೈಕು ಹಿಡಿದು, ಊಟದ ಸಾಲಿನ ಬೆನ್ನು ಹತ್ತಿದ. ನನ್ನ ಹೆಂಡತಿ ಭಾನುಮತಿ ಫೋನೆತ್ತಿಕೊಂಡು ಅವನ ಹಿಂದೆ ಓಡಿದಳು.

"ಹೋಳ್ಗೆ ತಟ್ಟಿದ್ ಕೈ ಯಾರ್ದು? ಚನ್ನಮ್ಮಂದು!
ಕುರ್ಚಿ ಹೊತ್ತಿದ್ ಹೆಗ್ಲು ಯಾರ್ದು? ತರುಣಂದು!
ಹೆಸರ್ ಹೇಳ್ದೆ ಉಣ್ಣಕ್ ಕುಂತ್ರೆ ಅನ್ನ ಇಳಿಯೋದ್ ಹೆಂಗಣ್ಣ?"

ಮಗನ ಮನೆಗೆಂದು ಬಂದು, ಬೆಳಗಿನಿಂದ ಹೋಳಿಗೆ ತಟ್ಟುತ್ತಲೇ ಇದ್ದ ಚನ್ನಮ್ಮ ತಮ್ಮ ಹೆಸರು ಕೇಳಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಬಡಿಸುತ್ತಿದ್ದ ತರುಣ್ ಸೌಟಿನಿಂದ ಪಾತ್ರೆಗೆ ತಾಳ ಹಾಕತೊಡಗಿದ. ಮನೆಯಲ್ಲಿ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲೇ ಉತ್ತರ ಕೊಡುವ ನಮ್ಮ ಮಕ್ಕಳು, ಐರಿಷ್ ರಾಗದಲ್ಲಿ "ಚನ್ನಮ್ಮಂದು! ತರುಣಂದು!" ಎಂದು ಕಿರುಚಿದರು. ಉಲ್ಲಾಸ್ ಪ್ರತಿಯೊಬ್ಬರ ಮುಂದೆ ನಿಂತು, ಅವರು ತಲೆಯಾಡಿಸುವವರೆಗೆ ಬಿಡಲಿಲ್ಲ. ತಟ್ಟೆ ಹಿಡಿದವರು ಹಿಡಿದ ಹಾಗೆಯೇ ನಿಂತರು, ಸಾರು ಆರಿತು.

ಭಾನುಮತಿ ಹಿಡಿದ ವಿಡಿಯೋ ಮಾರನೆಯ ದಿನವೇ ಹೋಯಿತು. ಉತ್ಸವದವರ ಉತ್ತರ ಚಿಕ್ಕದು: ಮಾತು ಒಂದೂ ಅರ್ಥವಾಗಲಿಲ್ಲ, ಊಟ ಬಿಟ್ಟು ನಿಂತ ಜನರನ್ನು ನೋಡಿದೆವು, ಬಾ. ಕೊಟ್ಟದ್ದು ಅತಿ ಚಿಕ್ಕ ಡೇರೆ, ಅದೂ ಮಟಮಟ ಮಧ್ಯಾಹ್ನ. ನಮ್ಮ ಬಳಗದವರೇ ಅರ್ಧ ಡೇರೆ ತುಂಬಿದೆವು. ಅದೇ ಹಾಡಿಗೆ ಅವನು ಹೆಸರುಗಳನ್ನು ಬದಲಿಸಿದ್ದ: ಡೇರೆ ಕಟ್ಟಿದವರು, ಧ್ವನಿ ಹೊಂದಿಸಿದಾಕೆ, ತನ್ನನ್ನು ಅಲ್ಲಿಗೆ ಕರೆತಂದ ಬಸ್ಸಿನ ಚಾಲಕ. ಕೊನೆಗೆ ನನ್ನತ್ತ ತಿರುಗಿ, "ಮೈಕು ಬಿಟ್ಕೊಟ್ಟಿದ್ ಕೈ ಯಾರ್ದು?" ಎಂದ.

"ಪುಟ್ಟಣ್ಣಂದು!" ಎಂದು ಮಕ್ಕಳು ಕೂಗಿದರು.

ಇಷ್ಟು ವರ್ಷ ಸಭೆಗೆಲ್ಲ ವಂದಿಸಿದವನು ನಾನು. ವಂದನಾರ್ಪಣೆ ಮಾಡಿದವನಿಗೆ ವಂದಿಸುವ ರೂಢಿ ನಮ್ಮಲ್ಲಿಲ್ಲ. ಕಣ್ಣು ತುಂಬಿ ಬಂತು. ಹಾಡು ನಿಲ್ಲಿಸಿ, ಆ ದೊಗಳೆ ಕೋಟಿನೊಳಗಿನಿಂದ ಅವನು ನನ್ನನ್ನೇ ನೋಡುತ್ತ ಕಾದ, ನಾನು ತಲೆಯಾಡಿಸುವವರೆಗೂ.

ಹೆಸರು ಮಾಡಲು ಹೊರಟವರು ತಮ್ಮ ಹೆಸರನ್ನೇ ಕೂಗಿಕೊಳ್ಳುತ್ತಾರೆಂದು ನಾವು ತಿಳಿಯುತ್ತೇವೆ. ಕಂಡಕಂಡವರ ಹೆಸರನ್ನೆಲ್ಲ ಕೂಗುತ್ತ ಹೋಗುವ ಇಂಥವರೂ ಇದ್ದಾರೆ. ಅವರಿಗೊಂದು ಹೆಸರು ಬರಬೇಕೆಂದು, ಅವರು ಕೇಳದೆಯೇ, ನಾವು ಒಬ್ಬೊಬ್ಬರೂ ಹಾರೈಸತೊಡಗುತ್ತೇವೆ.