ಎವ್ರಾರ್ ಕಟ್ಟಿದ ಬಿರಡೆಗಳು

ನಮ್ಮ ವಲೋನಿಯಾದ ಹಳ್ಳಿಯಲ್ಲಿ ಮನೆಗೊಂದು ಬಿಯರ್ ಕಾಯಿಸುವ ಹಂಡೆ, ಮನೆಗೊಬ್ಬ ಪಂಡಿತ. ಪಂಡಿತರಲ್ಲೆಲ್ಲ ಜೋರಿನವನು ಎವ್ರಾರ್. ಸ್ಟೇಷನ್ ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ಅಧಿಕಾರ ಚಲಾಯಿಸಲು ರೈಲುಗಳಿಲ್ಲದೆ ಸೀಸೆಗಳನ್ನು ಹಿಡಿದಿದ್ದ. ನಾವೆಲ್ಲ ಬಿರಡೆ ಹಾರದಿರಲೆಂದು ಸೆಣಬಿನ ಹುರಿಯನ್ನು ಅಡ್ಡಡ್ಡ ಎಳೆದು ಒಂದು ಗಂಟು ಹಾಕುತ್ತೇವೆ. ಅವನು ಹುರಿಯ ಮೇಲೆ ತಂತಿ ಸುತ್ತಿ, ತಂತಿಯ ಮೇಲೆ ಮತ್ತೆ ಹುರಿ ಬಿಗಿಯುತ್ತಿದ್ದ.

"ನಿಮ್ಮದು ಕುರಿಮರಿ, ಒಂದು ದಾರಕ್ಕೆ ನಿಲ್ಲುತ್ತೆ. ನನ್ನದು ಹೋರಿ ಕಣ್ರಯ್ಯ," ಎನ್ನುತ್ತಿದ್ದ.

ಆ ಹೋರಿಗಳನ್ನು ನೆಲಮಾಳಿಗೆಯ ಹಲಗೆಯ ಮೇಲೆ ನೆಟ್ಟಗೆ ನಿಲ್ಲಿಸಿ, ಬಂದವರಿಗೆಲ್ಲ ದೀಪ ಹಿಡಿದು ತೋರಿಸುತ್ತಿದ್ದ. ಅವನ ಹೆಂಡತಿಯ ತಮ್ಮ ಗಿಸ್ಲೆನ್ ಒಮ್ಮೆ ಮೆಲ್ಲಗೆ ಹೇಳಿದ:

"ಭಾವ, ಮರಳಲ್ಲಿ ಮಲಗಿಸಿ ಹೂತಿಡಿ. ನಿಲ್ಲಿಸಿದ್ರೆ ಬಿರಡೆ ಒಣಗಿ ಕುಗ್ಗುತ್ತೆ."

"ಹೂತಿಟ್ರೆ ಗಂಟು ಯಾರಿಗಯ್ಯ ಕಾಣುತ್ತೆ?"

ಚಳಿಗಾಲದ ಸಂತ ಎಲ್ವಾ ಹಬ್ಬಕ್ಕೆ ಊರೆಲ್ಲ ಒಟ್ಟಿಗೆ ಊಟ ಮಾಡುತ್ತದೆ. ಅಂದು ಯಾರ ಬಿಯರ್ ಕುಡಿಯುವುದೆಂದು ಊರು ಕೈಯೆತ್ತಿ ಆರಿಸುತ್ತದೋ ಅವರಿಗೆ ಮೇಜಿನ ತಲೆಯ ಕುರ್ಚಿ. ಆ ಕುರ್ಚಿ ಪ್ರತಿವರ್ಷವೂ ಗಿಸ್ಲೆನ್‌ನದೇ. ಅದಕ್ಕಾಗಿ ಎವ್ರಾರ್ ಜೀವ ಬಿಡುತ್ತಿದ್ದ. ಈ ಸಲ ಅವನ ಗಂಟು ನೋಡಿ ಮರುಳಾಗಿ ನಾವು ಅವನಿಗೇ ಕೊಟ್ಟೆವು. ಕೈ ಎತ್ತಿದ ದಡ್ಡರಲ್ಲಿ ನಾನೂ ಒಬ್ಬ.

ಮೊಲದ ಸಾರು ಬಡಿಸಿದ್ದಾಯಿತು. ತಲೆಯ ಕುರ್ಚಿಯಿಂದ ಎವ್ರಾರ್ ಎದ್ದ. ಚರ್ಮದ ಮುಂಗವಚ ಕಟ್ಟಿಕೊಂಡ, ಸೀಸೆಗೆ ಒದ್ದೆ ಬಟ್ಟೆ ಸುತ್ತಿದ.

"ಪಾದ್ರಿಗಳೇ, ಸ್ವಲ್ಪ ಹಿಂದೆ ಸರೀರಿ. ಕನ್ನಡಕ ತೆಗೆದಿಡಿ."

ಪಾದ್ರಿಗಳು ತೆಗೆದಿಟ್ಟರು. ಹೆಂಗಸರು ಕಿವಿ ಮುಚ್ಚಿಕೊಂಡರು. ಎವ್ರಾರ್ ಇಕ್ಕಳದಿಂದ ಹುರಿ ಕತ್ತರಿಸಿದ, ತಂತಿ ಬಿಚ್ಚಿದ, ಒಳಗಿನ ಹುರಿಯನ್ನೂ ಕತ್ತರಿಸಿ ಮುಖ ತಿರುಗಿಸಿ ನಿಂತ.

ಬಿರಡೆ ಅಲ್ಲೇ ಕೂತಿತ್ತು.

ಬಟ್ಟೆ ತೆಗೆದು ನೋಡಿದ, ಸೀಸೆ ಅಲುಗಿಸಿದ. ಕೊನೆಗೆ ಎರಡು ಬೆರಳಲ್ಲಿ ಹಿಡಿದೆತ್ತಿದರೆ, ಒಣಗಿದ ಬಿರಡೆ ಸದ್ದಿಲ್ಲದೆ ಕೈಗೆ ಬಂತು. ಎರಡನೆಯ ಸೀಸೆಯೂ ಹಾಗೆಯೇ, ಮೂರನೆಯದೂ ಹಾಗೆಯೇ. ಲೋಟಕ್ಕೆ ಬಗ್ಗಿಸಿದರೆ ನೊರೆಯೆಂಬುದು ಹೆಸರಿಗೂ ಇಲ್ಲ. ಗಾಳಿಯೆಲ್ಲ ಎಂದೋ ಸಂದಿಯಲ್ಲಿ ಸೋರಿಹೋಗಿತ್ತು. ಪಾದ್ರಿಗಳು ಒಂದು ಗುಟುಕು ಕುಡಿದು ಕನ್ನಡಕ ಹಾಕಿಕೊಂಡರು.

"ಉಪವಾಸದ ದಿನಕ್ಕೆ ಒಳ್ಳೇದು," ಎಂದರು.

ಗಿಸ್ಲೆನ್ ಮನೆಗೆ ಹೋಗಿ ಒಂದು ಬುಟ್ಟಿ ಸೀಸೆ ತಂದ. ಒಂದೇ ಗಂಟು ಕತ್ತರಿಸಿದ್ದೇ ತಡ, ಬಿರಡೆ ತೊಲೆಗೆ ಬಡಿದು ಸಾರಿನ ಪಾತ್ರೆಗೆ ಬಿತ್ತು. ಎಲ್ಲರೂ ಲೋಟ ಚಾಚಿಕೊಂಡು ಅವನ ಕಡೆಗೆ ಸರಿದರು. ತಲೆಯ ಕುರ್ಚಿಯ ಸುತ್ತ ಯಾರೂ ಉಳಿಯಲಿಲ್ಲ, ಎವ್ರಾರ್‌ನ ಹೆಂಡತಿ ಲಿಯೋನಿಯೊಬ್ಬಳ ಹೊರತು. ನನಗೆ ಪಾಪ ಅನಿಸಿತು. ಆದರೆ ನನ್ನ ಲೋಟವೂ ಖಾಲಿಯಿತ್ತು.

ಎವ್ರಾರ್ ಕತ್ತರಿಸಿದ ಹುರಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೇಳಿದ: "ಏನೇ ಹೇಳು, ಗಂಟು ಮಾತ್ರ ಒಂದೂ ಸಡಿಲ ಆಗಿರ್ಲಿಲ್ಲ, ಅಲ್ವೇನೇ?"

"ಇಲ್ಲಾರೀ," ಎಂದಳು ಲಿಯೋನಿ. "ನಾನು ಸತ್ರೆ ನನ್ನ ಪೆಟ್ಟಿಗೆನೂ ನೀವೇ ಕಟ್ಟಿ. ಒಳಗೆ ಜೀವ ಇಲ್ಲದ್ದನ್ನ ಬಿಗಿಯೋದ್ರಲ್ಲಿ ನಿಮ್ಮನ್ನ ಮೀರಿಸೋರಿಲ್ಲ."