ಬೀರುವಿನೊಳಗಿನ ಇನ್ಹೇಲರ್

ಮಕ್ಕಳ ಬ್ಯಾಗಿನಲ್ಲಿ ಔಷಧಿ ಇರಕೂಡದೆಂದು ಹೆಡ್‌ಮಿಸ್ ಖಡಾಖಂಡಿತವಾಗಿ ಹೇಳಿದ್ದರು. ಹಾಗಾಗಿ ನಾಲ್ಕನೇ ತರಗತಿಯ ಉಬ್ಬಸದ ಹುಡುಗಿಯ ಇನ್ಹೇಲರ್ ಅವರ ಕೋಣೆಯ ಬೀರು ಸೇರಿತು.

"ಮೇಡಂ, ಅದು ತಕ್ಷಣ ಕೈಗೆ ಸಿಗಬೇಕು," ಎಂದು ಹುಡುಗಿಯ ತಾಯಿ ಡಾಕ್ಟರ ಚೀಟಿ ಮುಂದಿಟ್ಟಳು. ಅವಳು ಬಸ್ ಕಂಡಕ್ಟರ್; ಡ್ಯೂಟಿಯ ಬಟ್ಟೆಯಲ್ಲೇ ಬಂದಿದ್ದಳು.

ಹೆಡ್‌ಮಿಸ್ ಚೀಟಿಯನ್ನು ಓದದೆಯೇ ಸೀಲು ಒತ್ತಿ ಫೈಲಿಗೆ ಸೇರಿಸಿದರು. "ನಿಮ್ಮೊಬ್ಬರ ಮಗಳಿಗೆ ಬೇರೆ ಕಾನೂನು ಮಾಡಕ್ಕಾಗಲ್ಲಮ್ಮ."

ಗುರುವಾರ ಆಟದ ಪೀರಿಯಡ್ಡಿನಲ್ಲಿ ಮೈದಾನದ ಎರಡನೇ ಸುತ್ತಿಗೇ ಹುಡುಗಿ ಮೊಣಕಾಲು ಹಿಡಿದು ನಿಂತಳು. ಎದೆಯಲ್ಲಿ ಸುಯ್ ಸುಯ್ ಸದ್ದು.

"ಶುರುವಾಯ್ತು ನಾಟಕ. ಓಡು," ಎಂದರು ಡ್ರಿಲ್ ಮೇಷ್ಟ್ರು.

ಹತ್ತು ಹೆಜ್ಜೆ ಓಡಿ ಅವಳು ಕುಸಿದು ಕೂತಳು. ತುಟಿ ನೀಲಿಗಟ್ಟಿದ್ದು ಕಂಡಮೇಲೆ ಮೇಷ್ಟ್ರ ಮುಖವೂ ಬಿಳಿಚಿಕೊಂಡಿತು.

ಹೆಡ್‌ಮಿಸ್ ಮೀಟಿಂಗಿಗೆ ಹೋಗಿದ್ದರು. ಬೀರುವಿನ ಬೀಗದ ಕೈ ಅವರ ಕೈಚೀಲದಲ್ಲಿತ್ತು. "ಅವರನ್ನ ಕೇಳದೆ ಹೇಗೆ," ಎನ್ನುತ್ತಾ ಗುಮಾಸ್ತರು ಫೋನು ಒತ್ತುತ್ತಲೇ ಇದ್ದರು. ಕಸ ಗುಡಿಸುತ್ತಿದ್ದ ಆಯಾ ಯಾರನ್ನೂ ಕೇಳಲಿಲ್ಲ. ಬಾಗಿಲಿಗೆ ಒತ್ತು ಕೊಟ್ಟಿದ್ದ ಕಲ್ಲೆತ್ತಿ ಬೀಗಕ್ಕೆ ಮೂರೇಟು ಹಾಕಿ, ಇನ್ಹೇಲರ್ ತೆಗೆದು ಮೈದಾನಕ್ಕೆ ಓಡಿದಳು. ಹುಡುಗಿ ಅದನ್ನು ಕುಲುಕಿ ಬಾಯಿಗಿಟ್ಟು ಎಳೆದುಕೊಂಡಳು. ಆಮೇಲೆ ಆಸ್ಪತ್ರೆಗೆ ಹೊತ್ತೊಯ್ದವಳೂ ಆಯಾಳೇ.

ಮಾರನೆಯ ದಿನ ಹೆಡ್‌ಮಿಸ್ ತಾಯಿಯನ್ನು ಕರೆಸಿ ಕಾಗದವೊಂದನ್ನು ಮುಂದೆ ತಳ್ಳಿದರು. ಕಾಯಿಲೆಯ ವಿಷಯ ಶಾಲೆಗೆ ತಿಳಿಸಿರಲಿಲ್ಲ ಎಂದಿತ್ತು ಅದರಲ್ಲಿ.

"ಸೈನ್ ಹಾಕಿ. ಬೀಗ ಒಡೆದವಳ ಕೆಲಸನೂ ಉಳಿಯುತ್ತೆ."

ಬಾಗಿಲಲ್ಲಿ ನಿಂತಿದ್ದ ಆಯಾ ಎಂದಳು: "ನನ್ನ ನೆಪದಲ್ಲಿ ಹಾಕ್ಬೇಡಿ ಅಕ್ಕಾ. ಪೊರಕೆ ಹಿಡಿಯೋ ಕೆಲಸ ಎಲ್ಲಾದ್ರೂ ಸಿಗುತ್ತೆ."

ತಾಯಿ ಕಾಗದವನ್ನು ಮುಟ್ಟಲಿಲ್ಲ. "ಆ ಚೀಟಿ ಮೇಲೆ ನಿಮ್ಮ ಸೀಲಿದೆ. ಅವತ್ತೇ ಅದರ ಪ್ರತಿ ಗುಮಾಸ್ತರಿಂದ ಇಸ್ಕೊಂಡಿದೀನಿ. ದಿನವಿಡೀ ಟಿಕೆಟ್ ಹರಿಯೋಳು ನಾನು. ರಸೀತಿ ಇಲ್ಲದೆ ಏನನ್ನೂ ಕೈಬಿಡಲ್ಲ. ಈ ಆಯಾನ ತೆಗೆದ್ರೆ ಆ ಪ್ರತಿ ನಿಮ್ಮ ಮೇಲಿನವರ ಮೇಜಿಗೆ ಹೋಗುತ್ತೆ."

ಹೆಡ್‌ಮಿಸ್ ಕಾಗದ ಮಡಿಚಿಟ್ಟರು. ಕ್ಷಮೆ ಕೇಳಲಿಲ್ಲ, ಕೂರಲೂ ಹೇಳಲಿಲ್ಲ.

ಸೋಮವಾರದಿಂದ ಇನ್ಹೇಲರ್ ಹುಡುಗಿಯ ಜೇಬಿಗೆ ಬಂತು. ಆಯಾಳ ಕೆಲಸ ಉಳಿಯಿತು, ಆದರೆ ಅಷ್ಟೂ ಪಾಯಿಖಾನೆ ತೊಳೆಯುವುದು ಅವಳೊಬ್ಬಳ ಪಾಲಾಯಿತು. ಡ್ರಿಲ್ ಮೇಷ್ಟ್ರು ಹುಡುಗಿಯನ್ನು ಕಟ್ಟೆಯ ಮೇಲೆ ಕೂರಿಸಿ ಅತ್ತ ತಿರುಗಿಯೂ ನೋಡುತ್ತಿರಲಿಲ್ಲ.

"ಅಮ್ಮಾ, ಬೇರೆ ಸ್ಕೂಲಿಗೆ ಹೋಗೋಣ್ವಾ? ಇಲ್ಲಿ ಎಲ್ಲರೂ ಮುಖ ಸಿಂಡರಿಸ್ತಾರೆ."

"ಬೇರೆ ಕಡೆ ಆ ಆಯಾ ಇರಲ್ಲ ಪುಟ್ಟಿ," ಎಂದಳು ತಾಯಿ.